ಹುಲ್ಲಿನಡಿಯ ತಂತಿಗಳು

ಭಾವನ ರೇಡಿಯೋ ಕಂಬಕ್ಕೆ ನೆಲದಲ್ಲಿ ತಂತಿ ಇರಲಿಲ್ಲ. ಸೆಟ್ಟಿತ್ತು, ಲೈಸೆನ್ಸಿತ್ತು, ಹಿತ್ತಲಲ್ಲಿ ಮೂರಾಳೆತ್ತರದ ಕಂಬವೂ ಇತ್ತು. ಆದರೆ ದೂರದ ದ್ವೀಪದ ಹವಾಮಾನ ಕೇಂದ್ರದಲ್ಲಿದ್ದ ಗೆಳೆಯನಿಗೆ ಇವರ ದನಿ ಎಂಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಅವನ ದನಿ ಮಾತ್ರ ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರುತ್ತಿತ್ತು. ಅಕ್ಕ ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದಳು. ಶನಿವಾರ ಆ ಕೇಂದ್ರ ಮುಚ್ಚುವುದಿತ್ತು.

ಕಂಬದ ಬುಡದಿಂದ ಸುತ್ತಲೂ ತಾಮ್ರದ ತಂತಿ ಹೂತರೆ ದನಿ ದೂರ ಹೋಗುತ್ತದೆ ಎಂದು ಭಾವ ಎಲ್ಲೋ ಓದಿದ್ದರು. ನನ್ನ ಫ್ಯಾಕ್ಟರಿಗೆ ರಜೆಯಿತ್ತು. ನಾನು ಸಲಿಕೆಯಿಂದ ಹುಲ್ಲು ಸೀಳುತ್ತಾ ಹೋದೆ. ಅವರು ಮಂಡಿಯೂರಿ ಸೀಳಿನೊಳಗೆ ತಂತಿ ಒತ್ತುತ್ತಾ ಬಂದರು. ಅಕ್ಕ ತುಳಿದು ಮುಚ್ಚಿದಳು.

ಎಂಟು ತಂತಿಯಾದಾಗ ಭಾವ ಒಳಗೆ ಹೋಗಿ ಪರೀಕ್ಷಿಸಿದರು. ಕಂಬಕ್ಕೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬಂತು ಎಂದು ಮೀಟರ್ ತೋರಿಸುತ್ತದೆ. ವಾಪಸ್ ಬಂದಷ್ಟೂ ಕೆಟ್ಟದ್ದು. ತಂತಿ ಹೂಳುವ ಮುಂಚೆ ಮುಳ್ಳು ಅಲ್ಲಾಡುತ್ತಿರಲಿಲ್ಲ. ಈಗ ಎದ್ದಿತ್ತು. ಹದಿನಾರಕ್ಕೆ ಇನ್ನೂ ಎದ್ದಿತು. ಶುಕ್ರವಾರ ಮಧ್ಯಾಹ್ನ ಇಪ್ಪತ್ತನಾಲ್ಕೂ ಮುಗಿದಾಗ ಭಾವ ಸೆಟ್ಟಿನ ದನಿ ಪೂರ್ತಿ ತಗ್ಗಿಸಿ, ಮೈಕಿನಲ್ಲಿ ತಮ್ಮ ಲೈಸೆನ್ಸಿನ ಅಕ್ಷರಗಳನ್ನು ಐದು ಸಲ ಹೇಳಿ, ಮುಳ್ಳನ್ನೇ ದುರುಗುಟ್ಟಿ ನೋಡಿದರು.

"ಇದೇನಮ್ಮ ಇದು? ಹೂತಷ್ಟೂ ಹಾಳಾಗ್ತಿದೆಯಲ್ಲ!"

"ಬೋಲ್ಟ್ ಸಡಿಲ ಇರಬಹುದು ಭಾವ."

ತಂತಿಗಳೆಲ್ಲ ಬಂದು ಸೇರುವ ಬುಡದ ತಟ್ಟೆಯ ಬೋಲ್ಟುಗಳನ್ನೆಲ್ಲ ಬಿಗಿದೆ. ಮುಳ್ಳು ಇನ್ನೊಂದು ಕೂದಲೆಳೆ ಏರಿತು.

"ಮುಂಚೆ ವಾಪಸ್ ಬರದೇ ಇದ್ದದ್ದು ಎಲ್ಲಿಗೆ ಹೋಗ್ತಿತ್ತುರೀ?" ಅಕ್ಕ ಕೇಳಿದಳು.

"ಆಕಾಶಕ್ಕೆ ಕಣೇ. ಇನ್ನೆಲ್ಲಿಗೆ?"

"ಹಾಗಿದ್ರೆ ಗಡಿಯಾರನಿಗೆ ಯಾಕೆ ಕೇಳ್ಸಿಲ್ಲ?"

"ಸುಮ್ನಿರು. ತಲೆ ಮೊದ್ಲೇ ಕೆಟ್ಟು ಕೆರ ಹಿಡಿದಿದೆ."

ನನಗೂ ತಲೆಬುಡ ತಿಳಿಯಲಿಲ್ಲ. ಅಕ್ಕ ಹೇಳಿದ್ದು ಸರಿಯಿತ್ತು. ಮೀಟರೂ ಸುಳ್ಳು ಹೇಳುವಂಥದ್ದಲ್ಲ. ಅಂದು ಸಂಜೆಯೇ ಮೂವರೂ ಸೇರಿ ಎಲ್ಲ ತಂತಿಯನ್ನೂ ಕಿತ್ತೆವು. ಮುಳ್ಳು ತೆಪ್ಪಗೆ ಕೆಳಗಿಳಿಯಿತು. ಭಾವ ಕೈ ತೊಳೆದುಕೊಂಡು ನೆಮ್ಮದಿಯಾಗಿ ಉಂಡರು.

ಶನಿವಾರ ಏಳಕ್ಕೆ ಮುಳ್ಳು ಅಲುಗದೆ ಮಲಗಿತ್ತು. ಭಾವ ಕರೆದರು, ಮತ್ತೆ ಮತ್ತೆ ಕರೆದರು. ಕಡೆಗೆ ಗಡಿಯಾರನ ದನಿ ಬಂತು:

"ಇವತ್ತೂ ನಿನ್ನ ಸುದ್ದಿಯಿಲ್ಲ ಕಣೋ. ಕೊನೇ ವಾರ ಅಂತ ಸೆಟ್ಟು ಇಡೀ ದಿನ ಹಚ್ಚೇ ಇಟ್ಟಿದ್ದೆ. ನಿನ್ನೆ ಮಧ್ಯಾಹ್ನ ಐದು ಸಲ ಕೂಗಿದೆಯಲ್ಲ, ಪಕ್ಕದ ಕೋಣೆಯಿಂದ ಕೂಗಿದ ಹಾಗಿತ್ತು! ಹತ್ತು ನಿಮಿಷ ಉತ್ತರ ಕೊಟ್ಟೆ. ಎಲ್ಲಿ ಸತ್ತಿದ್ದೆ? ಇನ್ನೈದು ನಿಮಿಷಕ್ಕೆ ಇಲ್ಲಿ ಕರೆಂಟ್ ತೆಗೀತಾರೆ."

ಭಾವ ಮೀಟರ್ ನೋಡಿದರು, ನನ್ನನ್ನು ನೋಡಿದರು. "ಕೆಟ್ಟಾಗಲೇ ಕೇಳ್ಸಿತ್ತಾ?"

"ಮುಂಚೆ ಶಕ್ತಿನೆಲ್ಲಾ ಮಣ್ಣೇ ತಿಂತಿತ್ತು! ಅದಕ್ಕೇ ವಾಪಸ್ ಬರ್ತಿರಲಿಲ್ಲ!" ಅಕ್ಕ ಕಿರುಚಿದಳು. "ಬಾರೇ, ಓಡು!"

ಹಿತ್ತಲಲ್ಲಿ ತಂತಿ ರಾಶಿ ಗಂಟುಗಂಟಾಗಿ ಬಿದ್ದಿತ್ತು. ಹೂಳಲು ಹೊತ್ತೆಲ್ಲಿದೆ? ಕೈಗೆ ಸಿಕ್ಕ ತುದಿಯನ್ನು ತಟ್ಟೆಗೆ ಸಿಕ್ಕಿಸಿ ಉಳಿದದ್ದನ್ನು ಹುಲ್ಲಿನ ಮೇಲೆಸೆದೆವು. ಮೂರನೆಯದಕ್ಕೆ ಭಾವ ಕಿಟಕಿಯಿಂದ ಕೂಗಿದರು:

"ಕೆಡ್ತಾ ಇದೆ! ಹಾಕಿ, ಹಾಕಿ!"

ಆರನೆಯದು ಸಿಕ್ಕಿಸುವಷ್ಟರಲ್ಲಿ ಸೆಟ್ಟಿನಲ್ಲಿ ಬರೀ ಸುಯ್ಯೆನ್ನುವ ಸದ್ದು. ಭಾವ ಅರ್ಧ ಗಂಟೆ ಅದರ ಹತ್ತಿರವೇ ಮಾತಾಡಿದರು.

ಮಧ್ಯಾಹ್ನ ಹಿತ್ತಲು ಗುಡಿಸುವಾಗ ಲೆಕ್ಕ ಹಾಕಿದೆವು. ಕೀಳುವಾಗ ಹರಿದ ತಂತಿ ಒಂಬತ್ತು. ಹುಲ್ಲಿನಲ್ಲಿ ಕಳೆದ ಬೋಲ್ಟು ನಾಲ್ಕು. ನಾವು ಕೇಳದೆ ಹೋದ ನಿಮಿಷ ಹತ್ತು.