ಎರಡು ಬಕೆಟ್ ನೀರು

ಎಪ್ಪತ್ತಾದರೂ ಮೇಸ್ತ್ರಿಗೆ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯ ಗೀಳು ಬಿಟ್ಟಿರಲಿಲ್ಲ. ಕುಲುಮೆ ಆರಿ ಹನ್ನೆರಡು ವರ್ಷ. ಈಗ ಅದನ್ನು ಮ್ಯೂಸಿಯಂ ಮಾಡಿ, ಕಬ್ಬಿಣ ಎರೆದು ತೋರಿಸುವ ಕೆಲಸಕ್ಕೆ ಅವರ ಮಗಳನ್ನೇ ಇಟ್ಟುಕೊಂಡಿದ್ದರು. "ನೂಲಿನಂತೆ ಸೀರೆ ಸರಿ, ಆದ್ರೆ ನನ್ನ ಮಗಳು ಅಪ್ಪನಂತೆ!" ಎಂದು ಕಂಡಕಂಡವರಿಗೆಲ್ಲ ಮೇಸ್ತ್ರಿ ಹೇಳಿದ್ದೇ ಹೇಳಿದ್ದು.

ಇವತ್ತು ಮೊದಲ ಪ್ರದರ್ಶನ. ಬೆಳಿಗ್ಗೆ ಯಾರೂ ಹೇಳದಿದ್ದರೂ ಮೇಸ್ತ್ರಿಯೇ ಕರಗಿದ ಕಬ್ಬಿಣ ಹರಿಯಲು ಮರಳಿನಲ್ಲಿ ಕಾಲುವೆ ತೋಡಿ, ಅಂಚು ಕುಸಿಯದಿರಲೆಂದು ಎರಡು ಬಕೆಟ್ ನೀರು ಹೊಯ್ದು ತಟ್ಟಿ, ಮೇಲೆ ಒಣಮರಳು ಉದುರಿಸಿದ್ದರು. ಮೂವತ್ತು ವರ್ಷ ಪಾಳಿ ಶುರುವಾದೊಡನೆ ಮಾಡಿದ್ದೂ ಅದನ್ನೇ. ಆಗ ಪಕ್ಕದಲ್ಲಿ ಕುಲುಮೆ ಉರಿಯುತ್ತಿತ್ತಲ್ಲ, ಗಂಟೆಯೊಳಗೆ ಎಲ್ಲ ಬೂದಿಯಂತೆ ಒಣಗುತ್ತಿತ್ತು.

ಅಡ್ಡ ಕಟ್ಟಿದ ಹಗ್ಗದಾಚೆ ಜನ ಸೇರಿದರು. ಮೂಲೆಯ ಸಣ್ಣ ಒಲೆಯ ಮೂಸೆಯಲ್ಲಿ ಕಬ್ಬಿಣ ಕರಗಿತು. ಮಗಳು ಉದ್ದ ಹಿಡಿಯ ಸೌಟು ತುಂಬಿಸಿ ಎತ್ತಿದಳು. ಮೇಸ್ತ್ರಿ ಹಳೇ ಚಾಳಿಯಂತೆ ಕುಲುಮೆಯ ಗೋಡೆಗೆ ಒರಗಿದರು.

ಗೋಡೆ ತಣ್ಣಗಿತ್ತು.

ಅಯ್ಯೋ ಮುಟ್ಠಾಳ! ಕುಲುಮೆ ಸತ್ತು ಯಾವ ಕಾಲವಾಯಿತು, ಮರಳು ಎಲ್ಲಿಂದ ಒಣಗೀತು? ಒದ್ದೆಯ ಮೇಲೆ ಕರಗಿದ ಕಬ್ಬಿಣ ಬಿದ್ದರೆ ನೀರು ಸಿಡಿದೆದ್ದು ಕಬ್ಬಿಣವನ್ನು ಎರೆದವರ ಮುಖಕ್ಕೇ ಎರಚುತ್ತದೆ. ಅವರ ಭಾವಮೈದುನ ಹೋದದ್ದು ಹಾಗೇ.

ಕೂಗುವಂತಿಲ್ಲ. ತುಂಬಿದ ಸೌಟು ಹಿಡಿದವರನ್ನು ಕೂಗಬಾರದು, ಬೆಚ್ಚಿದರೆ ಅವರ ಕಾಲ ಮೇಲೇ ಸುರಿದೀತು. ಕುಲುಮೆಯವರ ಈ ಕಟ್ಟಳೆಯನ್ನು ಮಗಳಿಗೆ ಕಲಿಸಿದವರೂ ಅವರೇ. ಓಡುವಂತೆಯೂ ಇಲ್ಲ, ಅದಕ್ಕೂ ಬೆಚ್ಚಿಯಾಳು. ಅವಳಾಗಲೇ ಸೌಟನ್ನು ಕಾಲುವೆಯ ಬಾಯಿಗೆ ತರುತ್ತಿದ್ದಳು. ಮೇಸ್ತ್ರಿ ಸಂತೆಗೆ ಹೊರಟವರಂತೆ ಮೆಲ್ಲಗೆ ನಡೆದು, ಕಾಲುವೆಯೊಳಗೇ ಇಳಿದು, ಅವಳೆದುರು ನಿಂತುಬಿಟ್ಟರು. ಝಳಕ್ಕೆ ಹುಬ್ಬು ಚುರುಗುಟ್ಟಿತು.

ಮಗಳ ಕೈ ಅಲುಗಲಿಲ್ಲ. ಹಿಂದೆ ಸರಿದು, ಕಬ್ಬಿಣವನ್ನು ಮೂಸೆಗೇ ಮರಳಿ ಸುರಿದು ಬಂದು ಕಿರುಚಿದಳು. "ಅಪ್ಪಾ, ತಲೆ ಕೆಟ್ಟಿದೆಯಾ? ಸೌಟು ಒಂದು ಚೂರು ಓರೆಯಾಗಿದ್ರೆ ಸುಟ್ಟು ಕರಕಲಾಗ್ತಿದ್ರಿ!"

ಮೇಸ್ತ್ರಿ ಕಾಲಡಿಯ ಮರಳನ್ನು ಬಗೆದು ಹಿಂಡಿ ತೋರಿಸಿದರು. ನೀರು ತೊಟ್ಟಿಕ್ಕಿತು.

ಮಗಳ ಮುಖ ಬಿಳಿಚಿಕೊಂಡಿತು. ಹಗ್ಗದ ಬಳಿ ನಿಂತಿದ್ದ ಕಸ ಗುಡಿಸುವಾಕೆಯ ಕಡೆ ತಿರುಗಿ, "ನೀನೇನಾ ನೀರು ಹಾಕಿದ್ದು?" ಎಂದಳು.

"ಇಲ್ಲಕ್ಕಾ, ದೇವರಾಣೆ!"

"ಅವಳನ್ಯಾಕೆ ಬೈತೀಯಮ್ಮಾ," ಎಂದರು ಮೇಸ್ತ್ರಿ. "ನಾನೇ ಹಾಕಿದ್ದು. ಕುಲುಮೆ ಉರೀತಿದೆ ಅಂದ್ಕೊಂಡಿದ್ದೆ."

ಮಗಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಕೈಗವಸು ಕಳಚಿ, ಅವರ ತೋಳು ಹಿಡಿದು ಮೇಲಕ್ಕೆ ಹತ್ತಿಸಿ, ಹಗ್ಗದಾಚೆ, ನೋಡಲು ಬಂದವರ ಸಾಲಿನಲ್ಲಿ ಕೂರಿಸಿದಳು.