ಅನುಭವ ಇಲ್ಲ ಅಂದವರು ಯಾರು?

ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾರು ವರ್ಷದಿಂದ ದುಡಿಯುತ್ತಿದ್ದ ಅವಳನ್ನು ಅಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಈಗ ಅಕ್ಕನ ಬಲಭುಜ ಕೆಟ್ಟುಹೋಗಿತ್ತು. ಇನ್ನು ಒದ್ದೆ ಹೊದಿಕೆಯ ಗಂಟು ಎತ್ತಿದರೆ ಕೈ ಮೇಲಕ್ಕೇ ಏಳುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅದೇ ಆಸ್ಪತ್ರೆಯ ಉಗ್ರಾಣದ ಆಫೀಸಿನಲ್ಲಿ ಗುಮಾಸ್ತರ ಒಂದು ಹುದ್ದೆ ಖಾಲಿ ಇತ್ತು. ಶುಕ್ರವಾರ ಸಂಜೆ ಐದರೊಳಗೆ ಬಯೋಡೇಟಾ ಕೊಡಬೇಕು. ಅದು ಸಿಕ್ಕರೆ ಉಂಟು, ಇಲ್ಲದಿದ್ದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದೇ ಗತಿ.

ಬಯೋಡೇಟಾ ಎಂದ ಕೂಡಲೇ ನಮ್ಮ ಕಾಲು ಜೆರಾಕ್ಸ್ ಅಂಗಡಿಯ ಕಡೆಗೇ ಹೋಗುತ್ತದಲ್ಲ! ಅಕ್ಕನೂ ಗುರುವಾರ ಅಲ್ಲಿಗೇ ಹೋದಳು.

"ಈಗೇನು ಕೆಲಸ?" ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ.

"ಆಸ್ಪತ್ರೆ ಲಾಂಡ್ರಿಲಿ."

ಅವನು ಕಿಸಕ್ಕನೆ ನಕ್ಕ. "ಆಫೀಸ್ ಕೆಲಸಕ್ಕೆ ಬಟ್ಟೆ ಒಗೆಯೋದನ್ನ ಬರೀತಾರೇನಮ್ಮಾ? ನೋಡಿದ ತಕ್ಷಣ ಕಸದ ಬುಟ್ಟಿಗೆ ಎಸೀತಾರೆ. ನನ್ನ ಹತ್ರ ರೆಡಿ ಮಾದರಿ ಇದೆ. ಹೆಸರು, ವಿಳಾಸ ಹೇಳಿ ಸಾಕು."

ಅಕ್ಕನಿಗೆ ಚುರುಕ್ ಎಂದಿತು. ಆದರೂ, ತಿಳಿದವನಿರಬೇಕು ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ಐದು ನಿಮಿಷದಲ್ಲಿ ಕಾಗದ ಕೈಗೆ ಬಂತು. ಸುತ್ತ ಹೂಬಳ್ಳಿಯ ಅಂಚು. ಎತ್ತರ ಇಷ್ಟು, ತೂಕ ಇಷ್ಟು. ಹವ್ಯಾಸ: ಪುಸ್ತಕ ಓದುವುದು, ಸಂಗೀತ ಕೇಳುವುದು. ಅನುಭವ: ಇಲ್ಲ. ಪುಸ್ತಕ ಓದುವಷ್ಟು ಪುರಸೊತ್ತು ಇದ್ದಿದ್ದರೆ ಅವಳ ಭುಜ ಯಾಕೆ ಹೀಗಾಗುತ್ತಿತ್ತು, ನೀವೇ ಹೇಳಿ!

ಮನೆಗಳಿಗೆ ಬಣ್ಣ ಹೊಡೆಯುವ ಅಕ್ಕನ ಗಂಡನಿಗೆ ಮಾತ್ರ ಆ ಹೂಬಳ್ಳಿ ಬಹಳ ಹಿಡಿಸಿತು. ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಮಹಡಿ ಮನೆಯವಳು ಹಗ್ಗದಿಂದ ಬಿದ್ದ ತನ್ನ ಟವೆಲ್ ಹುಡುಕಿಕೊಂಡು ಬಂದಳು. ಅವಳು ಸಾರಿಗೆ ಕಂಪನಿಯೊಂದರಲ್ಲಿ ಕೆಲಸದ ಅರ್ಜಿಗಳನ್ನು ಓದಿ ವಿಂಗಡಿಸುವವಳು. ಇದನ್ನೂ ಓದಿದಳು. ಓದುತ್ತಿದ್ದ ಹಾಗೆ ಮುಖ ಕೆಂಪಾಯಿತು.

"ಅನುಭವ ಇಲ್ವಾ? ಹಾಗಾದ್ರೆ ಹದಿನಾರು ವರ್ಷ ಬೆಳಗ್ಗೆ ಬೆಳಗ್ಗೆ ಎದ್ದು ಊಟದ ಡಬ್ಬಿ ಹಿಡ್ಕೊಂಡು ಎಲ್ಲಿಗೆ ಹೋಗ್ತಿದ್ದೆ, ಗಾಳಿ ತಿನ್ನೋದಕ್ಕಾ?"

"ಅದು ಬರೀ ಬಟ್ಟೆ ಒಗೆಯೋದಲ್ವಾ..." ಎಂದಳು ಅಕ್ಕ.

ಗಂಡನೂ ದನಿಗೂಡಿಸಿದ. "ಆಫೀಸಿನವರಿಗೆ ಅದೆಲ್ಲ ಯಾಕೆ? ಇದ್ರಲ್ಲಿ ಸುಳ್ಳೇನೂ ಬರ್ದಿಲ್ವಲ್ಲ."

"ಇಲ್ಲ ಅಂತ ಬರ್ದಿರೋದೇ ಸುಳ್ಳು! ಇಂಥ ಕಾಗದ ದಿನಕ್ಕೆ ಇಪ್ಪತ್ತು ನೋಡ್ತೀನಿ ನಾನು. ಅದೇ ಬಳ್ಳಿ, ಅದೇ ಸಂಗೀತ. ಯಾರು, ಏನು ಬಲ್ಲವರು ಅಂತ ಒಂದಕ್ಷರ ಇರಲ್ಲ." ಅವಳು ಕುರ್ಚಿ ಎಳೆದು ಕೂತಳು. "ಲಾಂಡ್ರಿ ಬಾಗಿಲು ತೆಗೆದ ಮೇಲೆ ಏನೇನು ಮಾಡ್ತೀಯಾ, ಒಂದೊಂದಾಗಿ ಹೇಳು."

"ಏನಿದೆ ಹೇಳೋಕೆ? ಹನ್ನೆರಡು ವಾರ್ಡಿನ ಗಂಟು ಬರುತ್ತೆ. ಎಣಿಸಿ ಪುಸ್ತಕದಲ್ಲಿ ಬರ್ಕೋತೀನಿ. ಕಮ್ಮಿ ಇದ್ರೆ ಆ ವಾರ್ಡಿನ ಸಿಸ್ಟರ್‌ಗೆ ಫೋನ್ ಮಾಡ್ತೀನಿ. ಒಂಬತ್ತು ಜನರ ಪಾಳಿ ಹಾಕ್ತೀನಿ. ಸೋಪಿನ ಪುಡಿ, ಹೊದಿಕೆ, ಆಪರೇಷನ್ ಗೌನು, ಏನೇನು ಬೇಕೋ ಪಟ್ಟಿ ಬರೆದು ಉಗ್ರಾಣಕ್ಕೆ ಕಳಿಸ್ತೀನಿ."

"ಯಾವ ಉಗ್ರಾಣಕ್ಕೆ?"

"ಅದೇ, ನಾನೀಗ ಕೆಲಸ ಕೇಳ್ತಿರೋ ಉಗ್ರಾಣಕ್ಕೇ!" ಎಂದಳು ಅಕ್ಕ.

"ನೀನು ಬರ್ದ ಪಟ್ಟಿ ನೋಡ್ಕೊಂಡು ಕೆಲಸ ಮಾಡೋ ಕುರ್ಚಿ ಅದು. ಅದಕ್ಕೆ ನಿನಗೆ ಅನುಭವ ಇಲ್ಲ ಅಂತೆ! ಯಾರಮ್ಮಾ ಹೇಳಿದ್ದು?"

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅಂಗಡಿಯವನ ಮೇಲೆ ಸಿಟ್ಟು ಬಂತು. ನಕ್ಕಾಗ ಸುಮ್ಮನೆ ನಿಂತ ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. "ಹೋದ ವರ್ಷ ಮೂವತ್ತು ಗೌನು ಕಮ್ಮಿ ಕಳಿಸಿ, ಪೂರ್ತಿ ಕೊಟ್ಟಿದ್ದೀವಿ ಅಂತ ಉಗ್ರಾಣದವರು ಸಾಧಿಸಿದ್ರು. ನನ್ನ ಪುಸ್ತಕ ಮುಂದಿಟ್ಟ ಮೇಲೇ ಬಾಯಿ ಮುಚ್ಚಿದ್ದು. ಇಲ್ಲಾಂದ್ರೆ ಮರುದಿನದ ಆಪರೇಷನ್ನೇ ನಿಂತುಹೋಗ್ತಿತ್ತು!"

"ಇದನ್ನೇ ಬರಿ. ನಿನ್ನ ಮಾತಲ್ಲೇ ಬರಿ."

ಅಕ್ಕ ಬಿಳಿ ಹಾಳೆ ತೆಗೆದು ಬರೆಯಲು ಕೂತಳು. ಮೇಲೆ ಹೆಸರು, ಫೋನ್ ನಂಬರು. ಅದರ ಕೆಳಗೆ ಯಾವ ಹುದ್ದೆ ಬೇಕು, ಅದಕ್ಕೆ ತಾನು ಹೇಗೆ ತಕ್ಕವಳು ಎಂದು ಎರಡೇ ಸಾಲು. ಆಮೇಲೆ ಮಾಡಿದ ಕೆಲಸ, ಲೆಕ್ಕ ಸಮೇತ: ಎಷ್ಟು ವರ್ಷ, ಎಷ್ಟು ವಾರ್ಡು, ಎಷ್ಟು ಜನ. ಎತ್ತರ, ತೂಕ, ಹವ್ಯಾಸಗಳನ್ನು ಮಹಡಿ ಮನೆಯವಳು ಮುಲಾಜಿಲ್ಲದೆ ತೆಗೆಸಿದಳು.

"ಭುಜದ ನೋವು ಬರೀಲಾ?"

"ಕೇಳಿದ್ರೆ ಮುಚ್ಚಿಡಬೇಡ. ಕಾಗದದಲ್ಲಿ ನಿನಗೆ ಏನೇನು ಕೆಲಸ ಬರುತ್ತೆ ಅನ್ನೋದು ಮೊದಲು ಇರಲಿ."

"ಕಂಪ್ಯೂಟರ್ ಪೂರ್ತಿ ಬರಲ್ವಲ್ಲ. ಲೈಬ್ರರೀಲಿ ಸಂಜೆ ಹೇಳ್ಕೊಡ್ತಾರಲ್ಲ, ಅಲ್ಲಿಗೆ ಎರಡು ತಿಂಗಳಿಂದ ಹೋಗ್ತಿದ್ದೀನಿ, ಅಷ್ಟೇ."

"ಕಲೀತಿದ್ದೀನಿ ಅಂತಲೇ ಬರಿ. ಬರದೇ ಇರೋದನ್ನ ಬರುತ್ತೆ ಅನ್ನಬೇಡ, ನಾಳೆ ಅವರ ಎದುರಿಗೆ ಸಿಕ್ಕಿಹಾಕ್ಕೋತೀಯಾ. ನಿನ್ನ ಕೆಲಸ ನೋಡಿರೋ ಇಬ್ಬರ ಹೆಸರು ಕೊನೇಲಿ ಹಾಕು. ಅವರನ್ನ ಕೇಳಿಯೇ ಹಾಕು."

ಅಷ್ಟು ಹೊತ್ತು ಮೂಗು ಮುರಿಯುತ್ತಿದ್ದ ಗಂಡ ಹಿಂದೆ ಬಂದು ನಿಂತು ಓದಿದ. ಆಮೇಲೆ ತಾನೇ ಸಿಡಿಮಿಡಿಗೊಂಡ. "ಹೊಸಬರಿಗೆಲ್ಲ ಕೆಲಸ ಕಲಿಸಿದ್ದು ಯಾರು? ಅದನ್ನ ಬರೀಲೇ ಇಲ್ವಲ್ಲ ನೀನು!"

ಅದೂ ಸೇರಿತು. ಮರುದಿನ ಬೆಳಗ್ಗೆ ಮಹಡಿ ಮನೆಯವಳು ಅದನ್ನು ಅಂಚು, ಬಳ್ಳಿ ಏನೂ ಇಲ್ಲದೆ ಒಂದೇ ಪುಟಕ್ಕೆ ಟೈಪ್ ಮಾಡಿಕೊಟ್ಟಳು. ಐದಕ್ಕೆ ಇನ್ನೂ ಎರಡು ಗಂಟೆ ಇರುವಾಗಲೇ ಅಕ್ಕ ಅದನ್ನು ಆಫೀಸಿಗೆ ಕೊಟ್ಟು ಬಂದಳು.

ಮುಂದಿನ ವಾರ ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆಗಿದ್ದ ಅಧಿಕಾರಿ ಕಾಗದ ನೋಡಿ ಹುಬ್ಬೇರಿಸಿದರು. "ಲಾಂಡ್ರಿಯಿಂದ ಸೀದಾ ಆಫೀಸಿಗಾ?"

ಈ ಸಲ ಅಕ್ಕ ಸುಮ್ಮನಿರಲಿಲ್ಲ. "ಸರ್, ಹದಿನಾರು ವರ್ಷದಿಂದ ನಾನು ಬರ್ದ ಪಟ್ಟಿಗೆ ನಿಮ್ಮ ಆಫೀಸೇ ಸೀಲ್ ಹಾಕಿದೆ. ಅಷ್ಟೂ ಆಫೀಸ್ ಕೆಲಸಾನ ಲಾಂಡ್ರಿಲಿ ನಿಂತ್ಕೊಂಡು ಮಾಡಿದ್ದೀನಿ. ಇನ್ಮೇಲೆ ಇಲ್ಲಿ ಕೂತ್ಕೊಂಡು ಮಾಡ್ತೀನಿ ಅಂತಿದ್ದೀನಿ."

ಅಧಿಕಾರಿ ಕಾಗದವನ್ನು ಮತ್ತೆ ಮೊದಲಿನಿಂದ ಓದಿದರು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಅಕ್ಕ ಉಗ್ರಾಣದ ಗುಮಾಸ್ತೆಯಾದಳು.

ಅಣ್ಣಂದಿರೇ, ಅಕ್ಕಂದಿರೇ, ಡ್ರೈವರ್ ಆಗಿರಿ, ಅಡುಗೆಯವರಾಗಿರಿ, ಗಾರ್ಮೆಂಟ್ಸಿನಲ್ಲಿ ಹೊಲಿಯುವವರಾಗಿರಿ, ಬೇರೆ ಕೆಲಸಕ್ಕೆ ಬಯೋಡೇಟಾ ಬರೆಯುವ ಮೊದಲು ದಿನವಿಡೀ ಏನೇನು ಮಾಡುತ್ತೀರಿ ಎಂದು ಬಿಡಿಸಿ ಬರೆಯಿರಿ. ಎಣಿಸುತ್ತೀರಾ, ಫೋನಿನಲ್ಲಿ ಮಾತಾಡುತ್ತೀರಾ, ಜನರನ್ನು ಸಂಭಾಳಿಸುತ್ತೀರಾ? ಹೊಸ ಹುದ್ದೆಗೆ ಅದರಲ್ಲಿ ಯಾವುದು ಬೇಕೋ ಅದನ್ನು ಮೊದಲಿಗೆ ಇಡಿ. ಬರೆಯಲು ಬಾರದಿದ್ದರೆ ಬಾಯಿಬಿಟ್ಟು ಹೇಳಿ, ಬಲ್ಲವರಿಂದ ಬರೆಸಿ, ಪೂರ್ತಿ ಓದಿಸಿಕೊಂಡೇ ಸಹಿ ಹಾಕಿ. ಮೈಮುರಿದು ದುಡಿದವರು ನೀವು. ನಿಮ್ಮ ಹೆಸರಿನ ಕೆಳಗೆ 'ಅನುಭವ: ಇಲ್ಲ' ಎಂದು ಬರೆಯುವ ಹಕ್ಕನ್ನು ಯಾರಿಗೂ ಕೊಡಬೇಡಿ.