ಮೆಟ್ಟಿಲಾದ ಗಾಲಿ

ಕೊಬ್ಬರಿ ಸಾಹುಕಾರ ಪರಮಶಿವಯ್ಯನವರದು ಹೊಳೆನರಸೀಪುರದ ಪೇಟೆಗೇ ಹಳೆಯ ಮನೆ. ಮರದ ಕಂಬ, ಇಟ್ಟಿಗೆ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ರಿಪೇರಿ ನಮ್ಮಪ್ಪನ ಕಾಲದಿಂದಲೂ ನಮ್ಮದೇ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅವರು ನನ್ನನ್ನು ಕೆಲಸದಿಂದ ಬಿಡಿಸಿ ಗೋಡೆಗೆಲ್ಲ ಸಿಮೆಂಟು ಬಳಿಸಿದರು. ನಾನು ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಕಲ್ಲಿನ ಗಾಲಿ ಅವರ ಹಿತ್ತಲಲ್ಲಿತ್ತು. ಇನ್ನು ಇದೇಕೆ ಎಂದು ಅದನ್ನು ಬಾಗಿಲಿಗೆ ಮೆಟ್ಟಿಲು ಮಾಡಿಸಿ, ನಡುವಿನ ತೂತಿಗೂ ಸಿಮೆಂಟು ತುಂಬಿಸಿದರು.

ಸಿಮೆಂಟು ತೇವವನ್ನು ಹೊರಗೆ ಬಿಡದೆ ಐದು ವರ್ಷಕ್ಕೆ ಗೋಡೆಯೊಳಗೆ ನೀರು ನಿಂತು ಕಂಬಗಳ ಬುಡ ಕೊಳೆಯಿತು. ಸಿಮೆಂಟು ಹಪ್ಪಳದಂತೆ ಎದ್ದು ಬಂತು. ಯುದ್ಧದ ದೆಸೆಯಿಂದ ಹೊಸದು ಸಿಗಲಿಲ್ಲ. ನನಗೆ ಹೇಳಿ ಕಳಿಸಿದರು.

“ಗಾರೆನೇ ಸರಿ ಕಣ್ಲಾ ಬೋರಲಿಂಗ. ನಾಳೆಯಿಂದ್ಲೇ ಅರಿ.”

“ಯಾವುದ್ರಲ್ಲಿ ಅರೀಲಿ ಸಾವ್ಕಾರ್ರೇ? ಗಾಲಿ ನಿಮ್ ಕಾಲ್ ಕೆಳಗೈತೆ.”

ಅವರು ಬಗ್ಗಿ ನೋಡಿ, “ಅದ್ಕೇನಂತೆ, ಕಿತ್ಕೊ” ಎಂದರು.

ಹಾರೆ ಹಾಕಿ ಮೀಟಿದೆ. ಗೋಡೆಯಲ್ಲಿ ಎಲ್ಲೂ ನಿಲ್ಲದ ಸಿಮೆಂಟು ಅಲ್ಲಿ ಮಾತ್ರ ಕಚ್ಚಿ ಹಿಡಿದಿತ್ತು. ಗಾಲಿ ಎರಡು ಹೋಳಾಯಿತು.

“ನಿಧಾನಕ್ಕೆ ಕೀಳಬಾರ್ದೇನ್ಲಾ?” ಎಂದರು ಸಾಹುಕಾರರು. “ಈಗ ಮೆಟ್ಲಿಗೆ ಏನ್ ಹಾಕ್ಲಿ?”